ಬಸ್ ನಿಲ್ದಾಣದ ಕಂಬಗಳಿಂದ ನಮ್ಮಕ್ಕನನ್ನು ಇಳಿಸಿ

ಮಾನ್ಯ ಪ್ರವಾಸೋದ್ಯಮ ಪ್ರಚಾರಾಧಿಕಾರಿಗಳೇ,

ಬ್ಯಾಂಕಾಕಿನ ಬಸ್ ನಿಲ್ದಾಣದ ತುಂಬ ನೀವು ಅಂಟಿಸಿರುವ ದೊಡ್ಡ ಚಿತ್ರದಲ್ಲಿ ಎರಡೂ ಕೈ ಚಾಚಿ, ಬಾಯಿ ತೆರೆದು, ಎರಚಿದ ನೀರಿನ ನಡುವೆ ನಗುತ್ತಿರುವ ಹೆಂಗಸು ನಮ್ಮಕ್ಕ ಲಮ್ದುವನ್. ಆ ಚಿತ್ರ ತೆಗೆದ ಮೂರನೆಯ ದಿನ ಅವಳು ಸತ್ತಳು. ಅವಳ ತಲೆ ಒಡೆಯುವುದಕ್ಕೆ ಒಂದು ಕ್ಷಣ ಮುಂಚಿನ ಮುಖಕ್ಕೆ ಬಣ್ಣ ಏರಿಸಿ, ಕೆಳಗೆ "ಬನ್ನಿ, ಒಟ್ಟಿಗೆ ನೆನೆಯೋಣ" ಎಂದು ಬರೆಸಿದ್ದೀರಿ. ನಿಮ್ಮ ಅಭಿರುಚಿಯನ್ನು ಎಷ್ಟು ಹೊಗಳಿದರೂ ಸಾಲದು.

ನಾನು ಇಪ್ಪತ್ತೆರಡು ವರ್ಷದಿಂದ ಈ ಊರಿನ ಮಾರುಕಟ್ಟೆಯಲ್ಲಿ ಹಂದಿಮಾಂಸ ಕಡಿದು ಮಾರುವವಳು. ರಕ್ತ ಕಂಡು ಕೂಗಾಡುವ ಪೈಕಿಯಲ್ಲ. ಅಕ್ಕ ಸೀಸಕೇತ್ ಕಡೆಯ ನಮ್ಮ ಹಳ್ಳಿಯಲ್ಲಿ ಈರುಳ್ಳಿ ಬೆಳೆಯುತ್ತಿದ್ದಳು. ಹೊಸ ವರ್ಷದ ನೀರಹಬ್ಬ ಸೋಂಗ್‌ಕ್ರಾನಿಗೆ ಊರಿಗೂರೇ ರಾಜಧಾನಿ ಬಿಟ್ಟು ಹಳ್ಳಿಗೆ ಓಡುತ್ತದೆ, ನಾನೂ ಓಡುತ್ತಿದ್ದೆ. ಈ ವರ್ಷ ಅವಳು ಫೋನಿನಲ್ಲಿ ಹಟ ಹಿಡಿದಳು. "ಪ್ರತಿ ಸಲ ನೀನೇ ಬರ್ತೀಯಲ್ಲೇ, ಈ ಸಲ ನಾನೇ ಬರ್ತೀನಿ. ಐವತ್ತೆಂಟಾಯ್ತು, ಪಚ್ಚೆ ಬುದ್ಧನ್ನ ಟೀವೀಲಿ ಬಿಟ್ರೆ ಕಣ್ಣಾರೆ ನೋಡಿಲ್ಲ. ನನಗೂ ಊರು ತೋರ್ಸು." ತೋರಿಸಿದೆ. ಬೆಳಿಗ್ಗೆ ಪಚ್ಚೆ ಬುದ್ಧನ ಮುಂದೆ ಅತ್ತಳು, ದೋಣಿಯಲ್ಲಿ ಮಗುವಿನ ಹಾಗೆ ಕಿರುಚಿದಳು, "ಇಷ್ಟು ದೊಡ್ಡ ಹೊಳೆ ಇಟ್ಕೊಂಡು ಇವ್ರು ಬಾಟ್ಲಿ ನೀರು ಕುಡೀತಾರಲ್ಲೇ!" ಎಂದು ಎಲ್ಲರಿಗೂ ಕೇಳುವಂತೆ ನಕ್ಕಳು.

ಮಧ್ಯಾಹ್ನ ನನ್ನ ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ನೀವು ನೀರಾಟಕ್ಕೆಂದೇ ಬಿಟ್ಟುಕೊಟ್ಟ ಬೀದಿಯ ಪಕ್ಕ ಹಾದೆ. ಹೆಲ್ಮೆಟ್ ಒಂದೇ ಇತ್ತು, ಅದು ನನ್ನ ತಲೆಯ ಮೇಲಿತ್ತು. ಆ ತಪ್ಪು ನನ್ನದು, ನಿಮ್ಮ ತಲೆಗೆ ಕಟ್ಟುವುದಿಲ್ಲ. ಎದುರಿಗೆ ಒಂದು ಪಿಕಪ್ ಗಾಡಿ, ಅದರ ಹಿಂದುಗಡೆ ಬಕೆಟ್ ಹಿಡಿದ ಏಳೆಂಟು ಮಂದಿ ವಿದೇಶಿ ಪ್ರವಾಸಿಗರು. ನಮ್ಮ ಹಳ್ಳಿಯಲ್ಲಿ ಆ ದಿನ ಕಿರಿಯರು ಮಲ್ಲಿಗೆ ಹಾಕಿದ ನೀರು ತಂದು ಹಿರಿಯರ ಅಂಗೈಗೆ ಮೆಲ್ಲಗೆ ಸುರಿಯುತ್ತಾರೆ, ಹಿರಿಯರು ಹರಸುತ್ತಾರೆ. ನೀರು ಹಿಡಿದು ಬರುವ ಮಕ್ಕಳನ್ನು ಅಕ್ಕ ಬೇರೆ ಥರ ನೋಡಿದ್ದೇ ಇಲ್ಲ. "ಮಕ್ಕಳು ಬಂದ್ರು ಕಣೇ, ನಿಧಾನ ಮಾಡು" ಅಂದಳು. ನನ್ನ ಸೊಂಟ ಬಿಟ್ಟು ಎರಡೂ ಅಂಗೈ ಚಾಚಿದಳು. "ನೂರು ವರ್ಷ ಬಾಳ್ರಪ್ಪ" ಎನ್ನುತ್ತಿದ್ದಳು. ನಿಮ್ಮ ಚಿತ್ರದಲ್ಲಿ ಬಾಯಿ ತೆರೆದಿರುವುದು ಅದಕ್ಕೆ.

ಅವರಲ್ಲೊಬ್ಬ ಎರಚಿದ ಬಕೆಟ್ಟಿನಲ್ಲಿ ಇಟ್ಟಿಗೆಯಷ್ಟು ದೊಡ್ಡ ಐಸ್ ಗಡ್ಡೆಯಿತ್ತು. ಅದು ಮುಖಕ್ಕೇ ಬಡಿಯಿತು. ಅಕ್ಕ ಹಿಂದಕ್ಕೆ ಉರುಳಿದಳು, ತಲೆ ಫುಟ್‌ಪಾತಿನ ಅಂಚಿಗೆ ಬಡಿದ ಸದ್ದು ನನ್ನ ಹೆಲ್ಮೆಟ್ಟಿನೊಳಗೂ ಕೇಳಿಸಿತು. ಆಮೇಲೆ ನಡೆದದ್ದನ್ನು ಓದಿಕೊಳ್ಳಿ, ಪ್ರಚಾರಕ್ಕೆ ಬರಬಹುದು. ಸುತ್ತ ನಿಂತಿದ್ದ ನಮ್ಮವರೇ ನಕ್ಕರು. "ಏಳಜ್ಜಿ, ನಾಟಕ ಸಾಕು!" ಎಂದು ಇನ್ನೆರಡು ಬಕೆಟ್ ಸುರಿದರು. ಒಬ್ಬ ಬಗ್ಗಿ, ಹಬ್ಬದಲ್ಲಿ ಎಲ್ಲರಿಗೂ ಬಳಿಯುವ ಸುಣ್ಣದಂಥ ಬಿಳಿ ಪುಡಿಯನ್ನು ಅವಳ ಕೆನ್ನೆಗೆ ಮೆತ್ತಿದ, ಮೆತ್ತಿದ್ದು ಕೆಂಪಾದ ಮೇಲೂ ಮೆತ್ತುತ್ತಲೇ ಇದ್ದ. ಹೆಲ್ಮೆಟ್ ಕಳಚಿ ಅವನ ಬಾಯಿಗೇ ಬೀಸಿದೆ. ಎರಡು ಹಲ್ಲು ಉದುರಿದವು, ನನಗೆ ಪಶ್ಚಾತ್ತಾಪವಿಲ್ಲ. ಓಡಿ ಬಂದ ಪೊಲೀಸಪ್ಪ ನನ್ನ ಕೈ ತಿರುಚಿ, "ಹಬ್ಬದಲ್ಲಿ ಸಿಟ್ಟು ಮಾಡ್ಕೋಬಾರ್ದಮ್ಮ" ಎಂದ. ಆಂಬುಲೆನ್ಸ್ ಆ ಜನಜಂಗುಳಿ ದಾಟಿ ಬರಲು ಐವತ್ತು ನಿಮಿಷ ಹಿಡಿಯಿತು.

ಪ್ರವಾಸಿಗರ ಸಹಾಯ ಕೇಂದ್ರಕ್ಕೆ ದೂರು ಕೊಡಲು ಹೋದೆ. "ಪಾಸ್‌ಪೋರ್ಟ್ ಕೊಡಿ" ಎಂದ ಗುಮಾಸ್ತ.

"ಈ ದೇಶದವಳಿಗೆ ಯಾಕಪ್ಪ ಪಾಸ್‌ಪೋರ್ಟು?"

"ಹಂಗಾದ್ರೆ ಅವ್ರು ಪ್ರವಾಸಿ ಅಲ್ಲ. ಬೇರೆ ಕಡೆ ಹೋಗಿ."

ಊರು ನೋಡಲೆಂದೇ ಒಂಬತ್ತು ಗಂಟೆ ಬಸ್ಸಿನಲ್ಲಿ ಕೂತು ಬಂದವಳು ಪ್ರವಾಸಿ ಅಲ್ಲ, ಅವಳ ಮುಖಕ್ಕೆ ಐಸ್ ಎಸೆದವನು ಪ್ರವಾಸಿ. ಸರಿ, ಒಪ್ಪಿದೆ. ಹಾಗಿದ್ದರೆ ಪ್ರವಾಸೋದ್ಯಮದ ಚಿತ್ರದಲ್ಲಿ ಅವಳಿಗೇನು ಕೆಲಸ? ನಿಮ್ಮ ಕಚೇರಿಗೂ ಬಂದು ಕೇಳಿದೆ. "ಫೋಟೋದಲ್ಲಿ ಖುಷಿಯಾಗೇ ಇದಾರಲ್ಲಮ್ಮ, ರಕ್ತ ಎಲ್ಲಿದೆ ತೋರ್ಸಿ?" ಎಂದರು ನಿಮ್ಮ ಸಹಾಯಕರು. ಆ ಚಿತ್ರ ತೆಗೆದ ಫೋಟೋಗ್ರಾಫರನೇ ಮುಂದಿನ ಹತ್ತು ಚಿತ್ರಗಳನ್ನೂ ತೆಗೆದಿದ್ದಾನೆ. ಅವನ್ನೇಕೆ ಅಂಟಿಸಲಿಲ್ಲ?

ಈಗ ವಿಷಯಕ್ಕೆ ಬರುತ್ತೇನೆ. ಶನಿವಾರ ಬೆಳಿಗ್ಗೆ ನಮ್ಮಮ್ಮ ಬರುತ್ತಿದ್ದಾಳೆ, ಎಂಬತ್ತೊಂದು ವರ್ಷ. ಊರಲ್ಲಿ ಸಂಸ್ಕಾರ ಮುಗಿದರೂ ಅಕ್ಕ ಮನೆ ಸೇರಿಲ್ಲವಂತೆ, ಕನಸಿನಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತಿರುತ್ತಾಳಂತೆ. ದುರ್ಮರಣವಾದವರನ್ನು ಬಿದ್ದ ಜಾಗಕ್ಕೇ ಹೋಗಿ ಕರೆಯಬೇಕು, ಕರೆದವರ ಹಿಂದೆ ಅವರು ಬರುತ್ತಾರೆ. "ನಾನು ಕೂಗಿದ್ರೆ ಬರ್ತಾಳೆ ಬಿಡೇ, ನನ್ನ ದನಿ ಅವಳಿಗೆ ಗೊತ್ತು" ಎನ್ನುತ್ತಾಳೆ ಅಮ್ಮ. ಚಿತ್ರದ ವಿಷಯ ಅವಳಿಗೆ ತಿಳಿಯದು. ಬಸ್ಸಿಳಿದ ಕೂಡಲೇ ಮೂವತ್ತು ಕಂಬಗಳ ಮೇಲೆ ಮಗಳು ಕೈ ಚಾಚಿ ನಿಂತಿದ್ದರೆ ಆ ಮುದುಕಿ ಎಲ್ಲಿ ನಿಂತು, ಯಾರನ್ನು ಕರೆಯಬೇಕು?

ಶುಕ್ರವಾರ ಸಂಜೆಯೊಳಗೆ ಅಷ್ಟನ್ನೂ ತೆಗೆಸಿ. ನಾಲ್ಕನ್ನು ಯಾರೋ ಕೊಚ್ಚಿಹಾಕಿದ್ದಾರೆಂದು ಹುಡುಕಿಸುತ್ತಿದ್ದೀರಂತೆ. ನಾನೇ. ಅಂಗಡಿಯಲ್ಲೇ ಇರುತ್ತೇನೆ, ಬಂದು ಹಿಡಿಯಿರಿ. ಇನ್ನೂ ಇಪ್ಪತ್ತಾರು ಉಳಿದಿವೆ, ಕತ್ತಿಯೂ ಹರಿತವಾಗಿದೆ. ಆದರೆ ನೀವು ಹಾಕಿಸಿರುವ ಹಾಳೆ ಬಲು ಗಟ್ಟಿ, ಅಂಚು ಹಿಡಿದು ಎಳೆದರೆ ಬರುವುದಿಲ್ಲ. ನಡುವೆ, ಮುಖದ ಮೇಲೇ ಏಟು ಹಾಕಬೇಕು. ನಾಲ್ಕು ಸಲ ನಮ್ಮಕ್ಕನ ಮುಖಕ್ಕೆ ಕತ್ತಿ ಹಾಕಿದ್ದೇನೆ. ಐದನೆಯ ಸಲ ನನ್ನ ಕೈಯಲ್ಲಿ ಮಾಡಿಸಬೇಡಿ.

ಇಂತಿ,
ಅಕ್ಕನಿಗೆ ಊರು ತೋರಿಸಲು ಹೊರಟ ತಂಗಿ,
ತೊಂಗ್‌ಬೈ