ಮೋತಿಯನ್ನು ಬಯಲಿಗೆ ಬಿಡಲಿಲ್ಲ

ಪುಣೆ, ೧೨ ನವೆಂಬರ್ ೧೯೩೪, ಸೋಮವಾರ

ಕುದುರೆಯಾಳು ಫಕೀರಪ್ಪನ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಕುದುರೆ ಪ್ರದರ್ಶನಕ್ಕೆ ಮುಂಚೆ ಮೈಗೆ ಗಾಯವಾಗಬಾರದೆಂದು ಮೋತಿಯನ್ನು ಎರಡು ತಿಂಗಳು ಲಾಯದಿಂದ ಹೊರಗೆ ಬಿಡದಿದ್ದವನು ಧಣಿಗಳ ಲಾಯ ನೋಡಿಕೊಳ್ಳುವ ನಾನೇ. ಕುದುರೆ ಹಗಲೆಲ್ಲ ನಿಂತಲ್ಲೇ ತಲೆ ತೂಗುತ್ತಿತ್ತು, ಬಾಗಿಲ ಕಟ್ಟಿಗೆ ಕಡಿಯುತ್ತಿತ್ತು. ಹಗ್ಗವನ್ನು ಇನ್ನೂ ಗಿಡ್ಡ ಮಾಡಿಸಿದೆ. ನಿನ್ನೆ ಮೇವು ಹಾಕಲು ಹೋದ ಫಕೀರಪ್ಪನ ಕೈಯನ್ನೇ ಕಚ್ಚಿತು. ಕುದುರೆಗೆ ಗುಂಡು ಹಾಕು ಎಂದರು ಧಣಿಗಳು. ತಪ್ಪು ನನ್ನದೆಂದು ನಾನು ಹೇಳಲಿಲ್ಲ.

ಇಂದು ಬೆಳಿಗ್ಗೆ ಮೋತಿಯನ್ನು ಗುಂಡು ಹಾಕಲು ಮೈದಾನಕ್ಕೆ ತಂದಾಗ ಫಕೀರಪ್ಪ ನನ್ನ ಕಾಲಿಗೆ ಬಿದ್ದ. “ಒಂದ್ಸಲ ಓಡ್ಲಿ ಬಿಡ್ರಿ ಸಾಹೇಬ್ರ. ಆಮ್ಯಾಲ ನಾನ ಹಿಡಕೊಂಡ ಬರ್ತೀನಿ.”

“ನನಗ ಟೈಮಿಲ್ಲ. ಗಟ್ಟಿ ಹಿಡಕೋ,” ಅಂದೆ.

ಪಟ್ಟಿ ಕಟ್ಟಿದ ಕೈಯಲ್ಲೇ ಹಿಡಿದುಕೊಂಡ. ಬಯಲ ಗಾಳಿಗೆ ಮೋತಿ ಕಿವಿ ನಿಗುರಿಸಿತು. ನಾನು ಗುಂಡು ಹಾರಿಸಿದೆ.

ಮನೆಗೆ ಬಂದು ಸಂಜೆಯವರೆಗೆ ಸುಮ್ಮನೆ ಕೂತಿದ್ದೆ. ನನಗೆ ಇವತ್ತು ಬೇರೆ ಯಾವ ಕೆಲಸವೂ ಇರಲಿಲ್ಲ.