ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಕೂತವರಿಗೆ

ವಿಜಯಪುರ
ಫೆಬ್ರವರಿ ಮೂವತ್ತು, ಇಸವಿ 2388

ಬಿ.ಎ. ಎರಡನೆಯ ವರ್ಷದ ಮನಶ್ಶಾಸ್ತ್ರ ತರಗತಿಯ ಹಿರಿಯರಿಗೆ,

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೂ ಸರಿಸಮ ಮಾಡಿದ್ದಾರೆ. ಫೆಬ್ರವರಿಗೂ ಮೂವತ್ತು ದಿನ, ಮಾರ್ಚಿಗೂ ಮೂವತ್ತೇ. ಮಿಕ್ಕ ದಿನಗಳಿಗೆ ಹೆಸರಿಲ್ಲ, ಅವು ಬಂದಾಗ ಬಾಗಿಲು ಹಾಕಿಕೊಂಡು ಮಲಗುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಆದಷ್ಟೂ ನಿಮ್ಮ ಕಾಲದ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನಮ್ಮದೇ ಪದ ನುಸುಳಿದರೆ ಬಿಡಿಸಿ ಹೇಳುತ್ತೇನೆ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ನಿಮಗೆ ಸಲ್ಲಬೇಕಾದದ್ದೇ.

ನನ್ನ ಹೆಸರು ಸಾವಂತ್ರಿ. ನಿಮ್ಮ ಹಾಗೆಯೇ ಮನಶ್ಶಾಸ್ತ್ರ ಓದುವವಳು, ಬಿ.ಎ. ಕೊನೆಯ ವರ್ಷ. ಊರಿಗೆ ಹೋದರೆ ನೆಂಟರು ಇಂದಿಗೂ ಹಿಡಿದು ನಿಲ್ಲಿಸಿ ಕೇಳುತ್ತಾರೆ, "ಏನವಾ, ಮನಸ್ಸಿನ ಶಾಸ್ತ್ರ ಕಲೀಲಿಕತ್ತಿಯಂತ, ನನ್ನ ಮನಸ್ಸಿನಾಗ ಏನೈತಿ ಹೇಳು ನೋಡೂಣು?" ಇಷ್ಟು ಶತಮಾನವಾದರೂ ಈ ಪ್ರಶ್ನೆಯೊಂದು ಸವೆದಿಲ್ಲ. ಪದವಿ ಮುಗಿಸುವವರಿಗೆ ನಮ್ಮಲ್ಲಿ ಒಂದು ಹಿನ್ನಂಚೆ ಸಿಗುತ್ತದೆ. ಹಿನ್ನಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹಾಕುವ ಕಾಗದ, ಜನ್ಮಕ್ಕೆ ಒಂದೇ. ಗೆಳತಿಯರೆಲ್ಲ ತಮ್ಮ ತೀರಿಕೊಂಡ ಅಜ್ಜಿಗೆ, ಮುತ್ತಜ್ಜಿಗೆ ಕ್ಷೇಮ ಸಮಾಚಾರ ಬರೆದರು. ನಾನು ಅವ್ವನಿಗೆ ಬರೆಯಬೇಕೆಂದು ಸಣ್ಣವಳಿದ್ದಾಗಿನಿಂದ ಕಾದಿದ್ದೆ. ನಾನು ತೊಟ್ಟಿಲಲ್ಲಿದ್ದಾಗಲೇ ಹೋದವಳು ಅವಳು. ಆ ಒಂದೇ ಕಾಗದವನ್ನು ಮುಖ ನೋಡದ ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನಲ್ಲ, ಹೊಟ್ಟೆ ಉರಿಯುತ್ತದೆ.

ಇದೆಲ್ಲ ನನ್ನ ಸೋದರತ್ತೆ ನೀಲಗಂಗವ್ವನ ಸಲುವಾಗಿ. ಅವ್ವ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ನಮ್ಮ ಓಣಿಯ ಕೂಸಿನ ಮನೆಯಲ್ಲಿ ಹಾಲುಗಲ್ಲದ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅವಳು ನಕ್ಕರೆ ಓಣಿಯ ಆ ತುದಿಗೆ ಗೊತ್ತಾಗುತ್ತದೆ. ಯಾರದೇ ಮದುವೆಯಿರಲಿ, ಹೆಣ್ಣು ಕಳಿಸುವ ಹೊತ್ತಿಗೆ ಹಡೆದ ತಾಯಿಗಿಂತ ಮೊದಲು ಇವಳು ಗೊಳೋ ಎಂದು ಅಳುತ್ತಾಳೆ. ನಿಮ್ಮ ಕಾಲದಲ್ಲಿ ಇಂಥವರು ಮನೆಗೊಬ್ಬರು ಇದ್ದರಂತೆ. ನಮ್ಮಲ್ಲಿ ಇದು ರೋಗ.

ಹೇಗೆಂದು ಹೇಳುತ್ತೇನೆ. ಹಾಲುಹಲ್ಲು ಬಿದ್ದ ದಿನದಿಂದ ನಾವೆಲ್ಲ ಕೊರಳಲ್ಲಿ ಎದೆಗನ್ನಡಿ ಹಾಕಿಕೊಳ್ಳಬೇಕು. ಉಗುರಿನಷ್ಟು ಅಗಲದ ಬಿಲ್ಲೆ. ಮನಸ್ಸು ನಡುಗೆರೆಯ ಮೇಲಿದ್ದರೆ ಬೂದಿ ಬಣ್ಣ, ಅದರ ಆಚೀಚೆ ಹೋದರೆ ಹಳದಿ, ಇನ್ನೂ ಹೋದರೆ ಕೆಂಪು. ನಡುಗೆರೆ ಎಂದರೆ ಸಹಜ ಮನುಷ್ಯನ ಅಳತೆ. ಕೆಂಪಾದವರಿಗೆ ಬಸ್ಸಿನ ಬಾಗಿಲು ತೆರೆಯುವುದಿಲ್ಲ. ನನ್ನ ಕೋಣೆಯ ಗೆಳತಿಗೆ ಮೊದಲ ರ‍್ಯಾಂಕ್ ಬಂದ ದಿನ ಪಾಪ, ಖುಷಿ ಇಳಿಯಲಿ ಎಂದು ಬಸ್‌ಸ್ಟಾಪಿನಲ್ಲೇ ಕೂತಿದ್ದಳು. ಒಂದೊಂದು ಬಸ್ಸು ತಪ್ಪಿದಾಗಲೂ ಸಿಟ್ಟು ಬಂದು ಮತ್ತೆ ಕೆಂಪಾಗುತ್ತಿತ್ತು. ಹಾಸ್ಟೆಲ್ ಊಟದಲ್ಲಿ ರೊಟ್ಟಿಯಿದೆ, ಪಲ್ಯಕ್ಕೆ ಖಾರವಿಲ್ಲ, ಖಾರ ತಿಂದರೂ ಬಿಲ್ಲೆ ಹಳದಿಯಾಗುತ್ತದೆ. ಹೇಗಿದ್ದೀರಿ ಎಂದು ಕೇಳಿದರೆ "ಹೇಳಲಾರೆ" ಎನ್ನುವುದು ನಮ್ಮಲ್ಲಿ ಮರ್ಯಾದೆ. ಚೆನ್ನಾಗಿದ್ದೇನೆ ಎಂದರೆ ಜಂಬ, ಚೆನ್ನಾಗಿಲ್ಲ ಎಂದರೆ ಗೋಳು.

ವರ್ಷವಿಡೀ ಬಿಲ್ಲೆ ಬೂದಿಯಾಗದವರನ್ನು ಇಳಿಸುವ ಮನೆಗೆ ಕಳಿಸುತ್ತಾರೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಮನಸ್ಸಿನ ಏರಿಳಿತವನ್ನು ಸಣ್ಣಗೆ ತಗ್ಗಿಸಿ ಮನೆಗೆ ಬಿಡುತ್ತಾರೆ. ನಮ್ಮ ಎದುರುಮನೆಯ ದುಂಡಪ್ಪ ಹೋಗಿ ಬಂದ. ಮೊದಲು ಚೌಡಿಕೆಯ ತಂತಿ ಮೀಟಿ, ಹಾಡಿ ಓಣಿ ಎಬ್ಬಿಸುತ್ತಿದ್ದ ಆಸಾಮಿ. ಈಗ ಊಟ ಹೇಗಿತ್ತು ಎಂದರೂ ಹೇಳಲಾರೆ, ಮಗಳು ಹುಟ್ಟಿದ್ದಾಳೆ ಏನನಿಸುತ್ತದೆ ಎಂದರೂ ಹೇಳಲಾರೆ. ನನ್ನ ಅತ್ತೆಗೂ ಹುಕುಂ ಬಂದಿದೆ, ಯುಗಾದಿ ಕಳೆದ ಮೇಲೆ ಹೋಗಬೇಕು. ಹುಕುಂ ಓದಿ ಹೇಳಿದಾಗ ಅವಳು, "ಏ ಹುಚ್ಚಿ, ನನ್ನ ದನಿ ಇಳಿಸಿದ್ರ ಆ ಕೂಸುಗೋಳಿಗೆ ಜೋಗುಳ ಯಾರು ಹಾಡ್ತಾರ?" ಎಂದು ನಕ್ಕುಬಿಟ್ಟಳು. ಆಮೇಲಿನಿಂದ ರೂಢಿ ಮಾಡಿಕೊಳ್ಳುತ್ತಿದ್ದಾಳೆ. ನಗು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಅದನ್ನು ನೋಡಲಾಗದೆ ನಾನು ಹಾಸ್ಟೆಲ್ಲಿಗೆ ವಾಪಸು ಬಂದೆ.

ಇನ್ನು ನಿಮ್ಮ ವಿಷಯ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಯಂತ್ರಗಳ ನೆನಪೆಲ್ಲ ಒಮ್ಮೆಲೇ ಅಳಿಸಿಹೋಗುತ್ತದೆ. ನಾವು ಅದನ್ನು ದೊಡ್ಡಮರೆವು ಎನ್ನುತ್ತೇವೆ. ಮನುಷ್ಯರ ಮನಸ್ಸು ಅಳೆದ ಲೆಕ್ಕವೆಲ್ಲ ಹೋಗಿ, ಕಾಗದದ ಮೇಲಿದ್ದ ಒಂದೇ ಒಂದು ಪ್ರಶ್ನಾವಳಿ ಉಳಿಯುತ್ತದೆ. ಅದು ನಿಮ್ಮ ತರಗತಿ ತುಂಬಿದ್ದು. ನಮ್ಮ ನಡುಗೆರೆಯನ್ನು ಎಳೆದದ್ದು ಅದರಲ್ಲಿನ ಉತ್ತರಗಳಿಂದಲೇ. ಇದೇನೂ ಗುಟ್ಟಲ್ಲ, ನಮ್ಮ ಮೊದಲ ವರ್ಷದ ಮೊದಲ ಪಾಠವೇ ಇದು. ಶನಿವಾರ, ಕೊನೆಯ ಪಿರಿಯಡ್, ತುಂಬಿಕೊಟ್ಟವರಿಗೆ ಇಂಟರ್ನಲ್ ಮಾರ್ಕ್ಸು. ಮೇಡಂ ಹಂಚಿ ಸ್ಟಾಫ್‌ರೂಮಿಗೆ ಹೋದರು. ನೀವು ಏನು ಮಾಡಿದಿರಿ? ಮೇಲಿನಿಂದ ಕೆಳಗಿನವರೆಗೆ ಉತ್ತರದ ಮನೆಗಳಲ್ಲಿ ನಡುವಿನದಕ್ಕೆ, "ಹೇಳಲಾರೆ" ಎಂಬುದಕ್ಕೆ, ಸರಸರನೆ ಗೀಟು ಎಳೆದು ಕ್ಯಾಂಟೀನಿಗೆ ಓಡಿದಿರಿ! ನಾನು ಸದಾ ಸಂತೋಷವಾಗಿರುತ್ತೇನೆ: ಹೇಳಲಾರೆ. ನಾನು ಎಂದೂ ಸಂತೋಷವಾಗಿರುವುದಿಲ್ಲ: ಹೇಳಲಾರೆ. ಓದುತ್ತಿದ್ದೀರೋ ಇಲ್ಲವೋ ಎಂದು ಪರೀಕ್ಷಿಸಲು ನಡುವೆ ಒಂದು ಸಾಲು ಹಾಕಿದ್ದರು, ಈ ಪ್ರಶ್ನೆಗೆ ಕೊನೆಯ ಮನೆಯನ್ನೇ ಗುರುತಿಸಿ ಎಂದು. ಅದಕ್ಕೂ ಹೇಳಲಾರೆ. ನಮ್ಮ ಪಂಡಿತರು ಆ ಒಂದು ಸಾಲಿನ ಮೇಲೆ ದಪ್ಪದಪ್ಪ ಗ್ರಂಥ ಬರೆದಿದ್ದಾರೆ: ತುದಿಗೆ ಹೋಗು ಎಂದು ಆಜ್ಞೆ ಮಾಡಿದರೂ ನಡುವನ್ನು ಬಿಡದ ಆ ಪೂರ್ವಿಕರ ಆತ್ಮಸಂಯಮ ಎಂಥದ್ದು! ಪರೀಕ್ಷೆಗೆ ನಾನು ಅದನ್ನು ಬಾಯಿಪಾಠ ಮಾಡಿದ್ದೇನೆ. ಕರ್ಮ, ಕರ್ಮ.

ಈ ನಡುಗೆರೆಯನ್ನು ನಂಬಬಾರದು ಎಂದು ನಾನು ತರಗತಿಯಲ್ಲಿ ಎದ್ದು ನಿಂತು ಹೇಳಿದೆ. ನಮಗೆ ಮನೋಮಾಪನ ಕಲಿಸುವ ಮುಲ್ಲಾ ಸರ್ ಒಳ್ಳೆಯವರು, ಅದಕ್ಕೇ ಇನ್ನೂ ಸಂಕಟ. "ಗೊತ್ತೈತವಾ ತಂಗಿ, ಎಲ್ಲಾರಿಗೂ ಗೊತ್ತೈತಿ. ಅದನ್ನ ಬಿಟ್ರ ಅಳೀಲಿಕ್ಕೆ ನಮ್ಮ ಕಡೆ ಬ್ಯಾರೆ ಏನೈತಿ ಹೇಳು?" ಎಂದರು. ಹೊಸದಾಗಿ ಅಳೆಯೋಣ ಸರ್ ಎಂದೆ. "ಯಾರನ್ನ ಅಳೀತಿ? ಹಲ್ಲು ಬಿದ್ದಾಗಿಂದ ಬೂದಿ ಆಗೂದ ಕಲ್ತ ಮಂದಿ. ಮತ್ತ ಅದ ಗೆರಿ ಬರತೈತಿ, ಕುಂಡ್ರು" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ನಾನು ಕೂತೆ. ನನ್ನ ಬಿಲ್ಲೆ ಕೆಂಪಾಗಿತ್ತು, ಆವತ್ತು ಹಾಸ್ಟೆಲ್ಲಿಗೆ ನಡೆದುಕೊಂಡೇ ಹೋದೆ.

ನೀವಾದರೂ ಯಾರು? ದಾರಿಯಲ್ಲಿ ಹೋಗುವವರಾಗಿದ್ದರೆ ಬಿಟ್ಟುಬಿಡಬಹುದಿತ್ತು. ಬೇಕಾಬಿಟ್ಟಿ ಉತ್ತರದಿಂದ ಅಳತೆ ಕೆಡುತ್ತದೆ ಎಂಬ ಪಾಠವನ್ನು ಅದೇ ವಾರ ಓದಿದವರು ನೀವು. ಮನಸ್ಸು ಎಂದರೇನು ಎಂದು ತಿಳಿಯಲು ಈ ವಿಷಯ ಆರಿಸಿಕೊಂಡೆ ಎಂದು ಅಪ್ಲಿಕೇಶನ್ನಿನಲ್ಲಿ ಬರೆದವರು. ನಿಮ್ಮ ಮನಸ್ಸನ್ನೇ ಕೇಳಿದಾಗ ಓದಿ ಉತ್ತರಿಸಲು ಬೇಸರವಾಯಿತೇ?

ಈ ಕಾಗದ ನಿಮಗೆ ಶುಕ್ರವಾರ ಸಿಗುತ್ತದೆ. ನಾಳೆ ಆ ಹಾಳೆ ಬರುತ್ತದೆ. ನಾನು ಕೇಳುವುದು ಇಷ್ಟೇ: ಓದಿ. ನನಗೆ ಬೇಗ ಸಿಟ್ಟು ಬರುತ್ತದೆ ಎಂದಿದ್ದರೆ ಕ್ಯಾಂಟೀನಿನಲ್ಲಿ ನಿಮ್ಮ ವಡೆ ಇನ್ನೊಬ್ಬರು ಎತ್ತಿಕೊಂಡಾಗ ಏನಾಯಿತೆಂದು ನೆನೆಯಿರಿ. ನನಗೆ ಸುಲಭಕ್ಕೆ ಅಳು ಬರುತ್ತದೆ ಎಂದಿದ್ದರೆ ಪಕ್ಕದವರು ನೋಡುತ್ತಾರೆಂದು ಕೈಯಿಂದ ಮುಚ್ಚಿಕೊಂಡಾದರೂ ಸರಿ, ನಿಜ ಗುರುತಿಸಿ. ನಿಮ್ಮಲ್ಲಿ ಜೋರಾಗಿ ನಗುವವರು ಇದ್ದೇ ಇರುತ್ತಾರೆ, ಹಾಗೆಂದು ಬರೆಯಿರಿ. ಗೆರೆ ಸ್ವಲ್ಪ ಅಗಲವಾದರೆ ನನ್ನ ಅತ್ತೆ ಅದರೊಳಗೆ ಹಿಡಿಸುತ್ತಾಳೆ.

ನೀವು ಮನಸಾರೆ ನಿರ್ಧಾರ ಮಾಡಿದ ಗಳಿಗೆಯಲ್ಲೇ ಇಲ್ಲಿ ಗೆರೆ ಬದಲಾಗುತ್ತದೆ. ಅತ್ತೆಗೆ ಹುಕುಂ ಬಂದೇ ಇರುವುದಿಲ್ಲ, ನಿಮಗೆ ಬರೆಯುವ ಕಾರಣ ನನಗಿರುವುದಿಲ್ಲ, ನನ್ನ ಹಿನ್ನಂಚೆ ಅವ್ವನಿಗೇ ಹೋಗುತ್ತದೆ. ಹಾಗಾದಾಗ ಈ ಕಾಗದ ನಿಮ್ಮ ಕೈಯಿಂದ ತಾನಾಗಿಯೇ ಮಾಯವಾಗುತ್ತದೆ, ಹಿನ್ನಂಚೆಯ ನಿಯಮ ಅದು. ನನ್ನ ಬೈಗುಳವೂ ನಿಮಗೆ ನೆನಪಿರುವುದಿಲ್ಲ.

ಇಂತಿ,
ನಿಮ್ಮದೇ ಶಾಸ್ತ್ರ ಓದಿ ಸಾಕಾದ
ಸಾವಂತ್ರಿ

ತಾ.ಕ.: ಈ ಸಾಲನ್ನೂ ಓದುತ್ತಿದ್ದೀರಲ್ಲ, ಅಂದರೆ ಕಾಗದ ಇನ್ನೂ ನಿಮ್ಮ ಕೈಯಲ್ಲೇ ಇದೆ. ಅಯ್ಯೋ ನಿಮ್ಮ! ಅತ್ತೆ ಊರಲ್ಲಿ ಇನ್ನೂ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಾಳೆ. ಮೊದಲಿನಿಂದ ಇನ್ನೊಮ್ಮೆ ಓದಿ.