ನನ್ನ ಎಡಗಿವಿಯ ಗುಟ್ಟನ್ನು ಮಂಡಳಿಗೆ ಒಪ್ಪಿಸಿದವರಿಗೆ

ಎರ್ನಾಕುಲಂ, ಆಗಸ್ಟ್ ೧೯೭೨

ಉದ್ಯೋಗ ಮಾರ್ಗದರ್ಶನ ಅಧಿಕಾರಿಗಳಾದ ಮಾನ್ಯರೇ,

ನಾನು ನಂಬಿ ಹೇಳಿದ ಮಾತನ್ನೇ ಬಳಸಿ ನೀವು ನನ್ನ ಕೆಲಸ ತಪ್ಪಿಸಿದಿರಿ. ಇದನ್ನು ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೆ ಬರೆದರೆ ಕಡತ ಸೇರುತ್ತದೆ. ನೀವು ನನ್ನ ವಿಶ್ವಾಸ ಗಳಿಸಿದ್ದು ಕನ್ನಡದಲ್ಲಿ. ಆದ್ದರಿಂದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲೇ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಕಳೆದ ವರ್ಷ ನೀವು ಸಂಘದ ಕೋಣೆಯಲ್ಲಿ ಭಾನುವಾರದ ತರಗತಿ ತೆರೆದಿರಿ. ವರ್ಗವಾಗಿ ಬಂದ ಮನೆಗಳ ಹುಡುಗಿಯರಿಗೆ ಸಂದರ್ಶನ ಎದುರಿಸಲು ಕಲಿಸುವ ಪರೋಪಕಾರ. ನನ್ನ ತಂದೆ ಯಜ್ಞನಾರಾಯಣರು ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರು ಕಚೇರಿಯಲ್ಲಿ ಗುಮಾಸ್ತರು. ನಮ್ಮ ಮನೆಯೂ ಆ ದ್ವೀಪದಲ್ಲೇ. ಪ್ರತಿ ವಾರ ತಾವೇ ಬಂದು ನನ್ನನ್ನು ಎರ್ನಾಕುಲಂ ದೋಣಿ ಹತ್ತಿಸುತ್ತಿದ್ದರು. ಬಾಗಿಲಲ್ಲಿ ನಿಂತು ಅನುಮತಿ ಕೇಳುವುದು, ಕುರ್ಚಿಯ ಅಂಚಿನಲ್ಲಿ ಕೂರದಿರುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುವುದು, ಎಲ್ಲ ಕಲಿಸಿದಿರಿ. ಒಂದು ದಿನ ಒಬ್ಬೊಬ್ಬರನ್ನೇ ಕರೆದು, “ಮನಸ್ಸಲ್ಲಿ ಏನಾದ್ರೂ ಅಳುಕಿದ್ರೆ ಈಗಲೇ ಹೇಳಿಬಿಡಮ್ಮ. ನನ್ನ ಹತ್ರಾನೇ ಇರುತ್ತೆ” ಎಂದಿರಿ. ಹತ್ತನೆಯ ವಯಸ್ಸಿನ ಟೈಫಾಯ್ಡಿನಿಂದ ನನ್ನ ಎಡಗಿವಿ ಕೇಳಿಸುವುದಿಲ್ಲವೆಂದು ಹೇಳಿದೆ. ಕಾಲೇಜಿನ ಗೆಳತಿಯರಿಗೂ ಹೇಳದ ಮಾತು ಅದು.

“ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ ಕೂತ್ಕೋ. ವಿನಯ ಅಂದ್ಕೋತಾರೆ” ಎಂದು ನಕ್ಕಿರಿ. ನಾನೂ ನಕ್ಕೆ.

ಮಾರ್ಚಿನಲ್ಲಿ ತಿರುವನಂತಪುರದ ಒಂದು ಸಂಸ್ಥೆಯಿಂದ ಪ್ರಯೋಗಾಲಯ ಸಹಾಯಕಿಯ ಹುದ್ದೆಗೆ ಕರೆ ಬಂತು. ತಂದೆಯೊಡನೆ ತಂಪಾನೂರು ನಿಲ್ದಾಣದಲ್ಲಿ ಇಳಿದು, ಲಾಡ್ಜಿನಲ್ಲಿ ಸೀರೆ ಬದಲಿಸಿ ಹೋದೆ. ಬಾಗಿಲು ತೆರೆದಾಗ ಮೇಜಿನ ಆಚೆ ಕುಳಿತ ಸಂದರ್ಶನ ಮಂಡಳಿಯ ಮೂವರಲ್ಲಿ ನೀವೂ ಒಬ್ಬರು. ಹೊಸ್ತಿಲ ಹೊರಗೇ ನಿಂತ ತಂದೆ ನನ್ನ ಬಲಗಿವಿಯಲ್ಲಿ ಪಿಸುಗುಟ್ಟಿದರು: “ಅವರೇ ಇದ್ದಾರಲ್ಲ ಮಗಾ, ಇನ್ನು ಹೆದರ್ಲಿಕ್ಕೆ ಎಂತ ಉಂಟು?”

ಉಳಿದಿಬ್ಬರ ಪ್ರಶ್ನೆಗಳಿಗೆಲ್ಲ ಉತ್ತರಿಸಿದೆ. ಅಧ್ಯಕ್ಷರು ತಲೆದೂಗಿದರು. ಆಗ ನನ್ನ ಎಡಬದಿಯ ತುದಿಯಲ್ಲಿದ್ದ ನೀವು ಕಡತವನ್ನು ಬಾಯಿಗೆ ಅಡ್ಡ ಹಿಡಿದು ಏನೋ ಕೇಳಿದಿರಿ. ನನಗೆ ಕೇಳಿಸಲಿಲ್ಲ. ಮತ್ತೆ ಕೇಳಿದಿರಿ, ಇನ್ನೂ ಮೆಲ್ಲಗೆ. ಬಳಿಕ ಅಧ್ಯಕ್ಷರತ್ತ ತಿರುಗಿ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ ಹೇಳಿದಿರಿ: “ಈ ಅಭ್ಯರ್ಥಿಗೆ ಕಿವಿ ಸರಿಯಿಲ್ಲ ಸರ್. ನನಗೆ ಆಗಲೇ ಅನುಮಾನ ಬಂತು.” ಅನುಮಾನವಂತೆ. ಅಧ್ಯಕ್ಷರು ನಿಮ್ಮ ಸೂಕ್ಷ್ಮದೃಷ್ಟಿಯನ್ನು ಮೆಚ್ಚಿಕೊಂಡರು. ಗಾಜಿನ ನಳಿಕೆಯಲ್ಲಿ ದ್ರಾವಣ ಅಳೆಯಲು ಎಷ್ಟು ಕಿವಿ ಬೇಕೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅದು ನಿಮ್ಮ ಪಾಠದಲ್ಲಿ ಇರಲಿಲ್ಲ.

ಹೊರಗೆ ನಿಮ್ಮನ್ನು ತಡೆದೆ. “ಕರ್ತವ್ಯ ಕಣಮ್ಮ, ಬೇಜಾರು ಮಾಡ್ಕೋಬೇಡ. ಭಾನುವಾರದ ಕ್ಲಾಸು ಮಾತ್ರ ತಪ್ಪಿಸ್ಬೇಡ” ಎಂದಿರಿ. ಒಳಗೆ ಏನಾಯಿತೆಂದು ತಿಳಿಯದ ನನ್ನ ತಂದೆ ನಿಮಗೆ ಕೈಮುಗಿದರು. ಕೆಲಸ ಹೋದದ್ದನ್ನು ಮರೆತೇನು, ಅವರು ಕೈಮುಗಿದದ್ದನ್ನು ಮರೆಯಲಾರೆ. ಅದು ಕರ್ತವ್ಯವೇ ಆಗಿದ್ದರೆ, ಇವಳೇ ನನ್ನನ್ನು ನಂಬಿ ಹೇಳಿದ್ದಳು ಎಂದು ಅಧ್ಯಕ್ಷರಿಗೆ ತಿಳಿಸಬಹುದಿತ್ತಲ್ಲ? ಅದನ್ನು ಮುಚ್ಚಿಟ್ಟು, ನನ್ನ ಮಾತನ್ನು ನಿಮ್ಮ ಜಾಣತನವಾಗಿ ಮಾರಿದ್ದೇಕೆ?

ಜುಲೈಯಲ್ಲಿ ಆಲುವದ ಒಂದು ಸಣ್ಣ ಔಷಧ ಕಾರ್ಖಾನೆಗೆ ಹೋದೆ. ಕೂರುವ ಮೊದಲೇ ಕಿವಿಯ ವಿಷಯ ಹೇಳಿದೆ. ಮ್ಯಾನೇಜರ್ ಅಚ್ಯುತನ್ “ಅದಿನೆಂದಾ” ಎಂದರು, ಅದಕ್ಕೇನಂತೆ ಎಂದು. ಎದ್ದು ಕುರ್ಚಿಯನ್ನು ನನ್ನ ಬಲಕ್ಕೆ ಎಳೆದುಕೊಂಡು, ರಸಾಯನಶಾಸ್ತ್ರದ ಪ್ರಶ್ನೆ ಕೇಳತೊಡಗಿದರು. ಈಗ ಅಲ್ಲೇ ಕೆಲಸದಲ್ಲಿದ್ದೇನೆ.

ಹಾಗಾಗಿ ನಿಮ್ಮಿಂದ ಕೆಲಸ ಕೇಳುತ್ತಿಲ್ಲ. ಮುಂದಿನ ಭಾನುವಾರ, ಹುಡುಗಿಯರ ಅಳುಕು ವಿಚಾರಿಸುವ ಮೊದಲು, ನೀವು ಯಾವ ಯಾವ ಮಂಡಳಿಗಳಲ್ಲಿ ಕೂರುತ್ತೀರೆಂದು ಅವರಿಗೆ ಹೇಳಿ. ಹೇಳಲಾಗದಿದ್ದರೆ ಕೋಣೆಯ ಬೀಗದ ಕೈಯನ್ನು ಸಂಘಕ್ಕೆ ಒಪ್ಪಿಸಿ. ತರಗತಿ ನಿಲ್ಲುವುದಿಲ್ಲ. ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡು ಕಲಿಯಲು ಆರು ಮಂದಿ ಈಗಾಗಲೇ ಒಪ್ಪಿದ್ದೇವೆ.

ಇಂತಿ,
ನಿಮ್ಮನ್ನು ಒಂದು ವರ್ಷ ಗುರುಗಳೇ ಎಂದು ಕರೆದ
ಹರಿಣಾಕ್ಷಿ